ದಿ ಕ್ರೋ: ಸಾವಿನ ಸುದ್ದಿ ಪಕ್ಕಕ್ಕಿಟ್ಟು ನೋಡಿದರೆ

‘ದಿ ಕ್ರೋ’ ಅಂತ ಹೆಸರೆತ್ತಿದರೆ ಸಾಕು, ಎದುರಿಗಿರುವವರ ಮೊದಲ ಮಾತು ಒಂದೇ. ‘ಶೂಟಿಂಗಲ್ಲೇ ಹೀರೋ ಸತ್ತುಹೋದ ಸಿನಿಮಾ ಅಲ್ವಾ?’ ಹೌದು, ಅದೇ. ಅಲ್ಲಿಗೆ ಮಾತೂ ಮುಗಿದುಹೋಗುತ್ತದೆ. ಸಿನಿಮಾ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಹೊಗಳುವವರು ಆ ಸಾವನ್ನು ಹಿಡಿದೇ ಹೊಗಳುತ್ತಾರೆ. ತೆಗಳುವವರಿಗೂ ಅದೇ ಬೇಕು, ‘ಆ ಹುಡುಗ ಸಾಯದೇ ಇದ್ದಿದ್ದರೆ ಇದನ್ನ ಯಾರು ನೆನಪಿಟ್ಕೋತಿದ್ರು’ ಅನ್ನುತ್ತಾರೆ. 1994ರಲ್ಲಿ ಬಂದ ಸಿನಿಮಾ ಇದು, ಮೂವತ್ತು ವರ್ಷ ದಾಟಿದೆ. ಇಷ್ಟು ದಿನವಾದ ಮೇಲಾದರೂ ಅದನ್ನು ಸುಮ್ನೆ ಒಂದು ಸಿನಿಮಾ ಅಂತ ನೋಡಿ, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಅಂತ ಹೇಳಬಹುದಲ್ವಾ?

ಮೊದಲು ಆ ಸಾವಿನ ವಿಷಯ ಹೇಳಿ ಮುಗಿಸುತ್ತೇನೆ. 1993ರ ಮಾರ್ಚ್ 31. ಅಮೆರಿಕದ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಅನ್ನೋ ಊರಿನ ಸ್ಟುಡಿಯೋ. ವಿಲನ್ ಕಡೆಯವನೊಬ್ಬ ನಾಯಕನಿಗೆ ಗುಂಡು ಹೊಡೆಯುವ ದೃಶ್ಯ. ಅದಕ್ಕೂ ಮೊದಲು ಬೇರೊಂದು ಶಾಟ್‌ಗಾಗಿ ಅದೇ ರಿವಾಲ್ವರಿಗೆ ಡಮ್ಮಿ ತೋಟಾ ಹಾಕಿದ್ದರು. ನಿಜವಾದ ತೋಟಾ ಬಿಚ್ಚಿ, ಮದ್ದು ಸುರಿದು ತಾವೇ ಮಾಡಿಕೊಂಡ ಡಮ್ಮಿ ಅದು. ಮದ್ದು ಹೋಗಿತ್ತು, ಮದ್ದಿಗೆ ಕಿಡಿ ಹಚ್ಚುವ ಹಿಂದಿನ ಪ್ರೈಮರ್ ಮಾತ್ರ ಉಳಿದಿತ್ತು. ಅದು ಸಿಡಿದಾಗ ಗುಂಡಿನ ತುದಿ ನಳಿಗೆಯೊಳಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಯಾರೂ ನಳಿಗೆಯನ್ನು ಇಣುಕಿ ನೋಡಲಿಲ್ಲ. ಆಮೇಲೆ ಅದೇ ರಿವಾಲ್ವರಿಗೆ ಬ್ಲ್ಯಾಂಕ್ ತುಂಬಿದರು. ಬ್ಲ್ಯಾಂಕ್‌ನಲ್ಲಿ ಗುಂಡು ಇರುವುದಿಲ್ಲ, ಮದ್ದು ಇರುತ್ತದೆ. ಆ ಮದ್ದು ಸಿಕ್ಕಿಕೊಂಡಿದ್ದ ತುದಿಯನ್ನು ಹೊರಕ್ಕೆ ತಳ್ಳಿತು. ಅದು ನಾಯಕನ ಪಾತ್ರ ಮಾಡುತ್ತಿದ್ದ ಬ್ರ್ಯಾಂಡನ್ ಲೀಗೆ ಬಡಿಯಿತು. ಅವನಿಗೆ ಆಗ 28 ವರ್ಷ. ಮದುವೆಗೆ ಎರಡು ವಾರ ಚಿಲ್ಲರೆ ಬಾಕಿಯಿತ್ತು, ಶೂಟಿಂಗ್ ಮುಗಿಯುವುದಕ್ಕೆ ಇನ್ನೂ ಕೆಲವೇ ದಿನ.

ಅವನ ಅಪ್ಪ ಬ್ರೂಸ್ ಲೀ ತೀರಿಕೊಂಡಿದ್ದೂ 32ನೇ ವಯಸ್ಸಿಗೇ, ಅದೂ ಒಂದು ಸಿನಿಮಾ ಅರ್ಧಕ್ಕೆ ನಿಂತಿದ್ದಾಗ. ಆ ಅರ್ಧ ಸಿನಿಮಾವನ್ನು 1978ರಲ್ಲಿ ಹೇಗೋ ಮುಗಿಸಿ ‘ಗೇಮ್ ಆಫ್ ಡೆತ್’ ಅಂತ ಬಿಡುಗಡೆ ಮಾಡಿದರು. ಅದರ ಕಥೆಯಲ್ಲಿ ಸಿನಿಮಾ ನಟನೊಬ್ಬನಿಗೆ ಶೂಟಿಂಗ್ ಸೆಟ್‌ನಲ್ಲೇ ನಿಜವಾದ ಗುಂಡು ಬೀಳುತ್ತದೆ. ಸರಿ, ಜನರಿಗೆ ಇಷ್ಟು ಸಿಕ್ಕಿದರೆ ಸಾಲದಾ. ಶಾಪ ಅಂದರು, ಮನೆತನದ ದೋಷ ಅಂದರು. ನನಗೆ ಈ ಶಾಪದ ಮಾತು ಕೇಳಿದರೆ ಮೈ ಉರಿಯುತ್ತದೆ. ನಳಿಗೆ ನೋಡದೇ ಬಂದೂಕು ಕೈಗೆ ಕೊಟ್ಟಿದ್ದು ಮನುಷ್ಯರು, ಅದರಲ್ಲಿ ಶಾಪದ್ದೇನಿದೆ? 2021ರಲ್ಲಿ ‘ರಸ್ಟ್’ ಅನ್ನೋ ಸಿನಿಮಾದ ಸೆಟ್‌ನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಗುಂಡಿಗೆ ಬಲಿಯಾದಾಗ ಯಾರೂ ಶಾಪದ ಮಾತಾಡಲಿಲ್ಲ, ಬಂದೂಕು ಯಾರ ಜವಾಬ್ದಾರಿ ಅಂತ ಕೋರ್ಟಿಗೆ ಹೋದರು.

ಇನ್ನೊಂದು ವಿಷಯ. ಆ ಗುಂಡು ಬಿದ್ದ ಶಾಟ್ ಸಿನಿಮಾದಲ್ಲಿ ಇದೆ ಅಂತ ಒಂದು ಗಾಳಿಸುದ್ದಿ ಇವತ್ತಿಗೂ ಓಡಾಡುತ್ತಿದೆ. ಇಲ್ಲ. ಆ ದೃಶ್ಯವನ್ನೇ ಬದಲಾಯಿಸಿ, ಬದಲಿ ನಟರನ್ನಿಟ್ಟುಕೊಂಡು ಬೇರೆ ಥರ ತೆಗೆದರು. ಅದನ್ನು ಹುಡುಕುವುದಕ್ಕೆ ಈ ಸಿನಿಮಾ ಹಾಕುವವರು ದಯವಿಟ್ಟು ಹಾಕಬೇಡಿ.

ಹೋದವರ ಕೊನೆಯ ಸಿನಿಮಾ ನೋಡುವ ಕಷ್ಟ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. 2022ರ ಮಾರ್ಚ್ 17ಕ್ಕೆ, ಅಪ್ಪು ಹುಟ್ಟುಹಬ್ಬದ ದಿನ, ‘ಜೇಮ್ಸ್’ ಬಿಡುಗಡೆಯಾಯಿತು. ತೆರೆ ಮೇಲೆ ಅಪ್ಪು, ದನಿ ಮಾತ್ರ ಶಿವಣ್ಣನದ್ದು. ಆ ದಿನ ಥಿಯೇಟರಿನಿಂದ ಹೊರಬಂದವರನ್ನು ‘ಚಿತ್ರಕಥೆ ಹೇಗಿದೆ’ ಅಂತ ಕೇಳಿದ್ದರೆ ನಿಮಗೆ ಒಳ್ಳೆಯ ಮಾತು ಸಿಗುತ್ತಿರಲಿಲ್ಲ, ಅದು ನ್ಯಾಯವೂ ಹೌದು. ಅವತ್ತು ಹೋಗಿದ್ದು ವಿಮರ್ಶೆ ಮಾಡೋಕಲ್ಲ. ‘ದಿ ಕ್ರೋ’ ನೋಡೋಕೆ 1994ರ ಮೇ ತಿಂಗಳಲ್ಲಿ ಹೋದ ಅಮೆರಿಕದ ಹುಡುಗರೂ ಹೀಗೇ ಹೋಗಿರಬೇಕು. ಆದರೆ ಅವತ್ತಿನ ಆ ನೋಟವನ್ನೇ ಮೂವತ್ತು ವರ್ಷ ಎಳೆದರೆ ಸಿನಿಮಾಕ್ಕೂ ಅನ್ಯಾಯ, ಅದರಲ್ಲಿ ಚೆನ್ನಾಗಿ ಕೆಲಸ ಮಾಡಿದ ಆ ಹುಡುಗನಿಗೂ ಅನ್ಯಾಯ.

ಕಥೆ ಎರಡು ಸಾಲಿನದು. ಎರಿಕ್ ಡ್ರೇವನ್ ಒಬ್ಬ ರಾಕ್ ಸಂಗೀತಗಾರ, ಶೆಲ್ಲಿ ಅವನ ಹುಡುಗಿ. ಮದುವೆಯ ಹಿಂದಿನ ರಾತ್ರಿ ನಾಲ್ಕು ಜನ ಮನೆಗೆ ನುಗ್ಗಿ ಇಬ್ಬರನ್ನೂ ಕೊಲ್ಲುತ್ತಾರೆ. ವರ್ಷ ತುಂಬಿದ ದಿನ ಒಂದು ಕಾಗೆ ಅವನ ಗೋರಿಕಲ್ಲಿನ ಮೇಲೆ ಕೂತು ಕುಟುಕುತ್ತದೆ, ಅವನು ಮಣ್ಣು ಸೀಳಿಕೊಂಡು ಎದ್ದುಬರುತ್ತಾನೆ. ಆ ನಾಲ್ವರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಅಷ್ಟೇ.

ಈ ಕಾಗೆಯ ವಿಷಯಕ್ಕೆ ಬಂದರೆ, ನಮಗೆ ಸಿಗುವ ರುಚಿ ಅಲ್ಲಿಯವರಿಗೆ ಸಿಗುತ್ತದೋ ಇಲ್ಲವೋ ಅನ್ನೋ ಅನುಮಾನ ನನಗೆ. ಸತ್ತವರ ಆತ್ಮವನ್ನು ಕಾಗೆ ಆಚೆ ಲೋಕಕ್ಕೆ ದಾಟಿಸುತ್ತದೆ, ಆದರೆ ತೀರಾ ದೊಡ್ಡ ಅನ್ಯಾಯವಾಗಿದ್ದರೆ ಆ ಆತ್ಮಕ್ಕೆ ನೆಮ್ಮದಿ ಇಲ್ಲ, ಆಗ ಅದೇ ಕಾಗೆ ವಾಪಸ್ ಕರೆತರುತ್ತದೆ ಅಂತ ಸಿನಿಮಾ ಶುರುವಾಗುವಾಗಲೇ ಒಬ್ಬ ಪುಟ್ಟ ಹುಡುಗಿಯ ದನಿ ಹೇಳುತ್ತದೆ. ತಿಥಿ ದಿನ ಪಿಂಡ ಇಟ್ಟು ಕಾಗೆಗೆ ಕಾದು ನಿಂತ ಯಾರಿಗಾದರೂ ಇದು ಹೊಸ ಮಾತಲ್ಲ. ಕಾಗೆ ಮುಟ್ಟಲಿಲ್ಲ ಅಂದರೆ ಹೋದವರಿಗೆ ಏನೋ ಆಸೆ ಉಳಿದುಕೊಂಡಿದೆ ಅಂತ ಅರ್ಥ. ಆಗ ಮನೆಯ ಹಿರಿಯರೊಬ್ಬರು ಕೈಮುಗಿದು ‘ಚಿಕ್ಕವಳ ಮದುವೆ ನಾವ್ ನಿಂತು ಮಾಡ್ತೀವಿ, ಯೋಚನೆ ಬಿಡು’ ಅನ್ನುತ್ತಾರೆ, ಅಷ್ಟಾದ ಮೇಲೆ ಎಲ್ಲಿಂದಲೋ ಒಂದು ಕಾಗೆ ಹಾರಿಬರುತ್ತದೆ, ಎಲ್ಲರೂ ಉಸ್ಸಪ್ಪ ಅಂತ ಊಟಕ್ಕೆ ಏಳುತ್ತಾರೆ. ಹೀಗಾಗಿ ಈ ಸಿನಿಮಾದ ಮೂಲ ನಂಬಿಕೆಯನ್ನು ನಮ್ಮ ತಲೆ ತಕರಾರಿಲ್ಲದೆ ಒಪ್ಪಿಕೊಂಡುಬಿಡುತ್ತದೆ. ಜೇಡ ಕಚ್ಚಿ ಶಕ್ತಿ ಬಂತು ಅಂದರೆ ನಗು ಬರಬಹುದು, ಆಸೆ ತೀರದವನನ್ನು ಕಾಗೆ ಕರೆತಂತು ಅಂದರೆ ಬರುವುದಿಲ್ಲ.

ಈಗ ಮುಖ್ಯ ವಿಷಯ. ಈ ಸಿನಿಮಾದಲ್ಲಿರುವ ದುಃಖ ಬ್ರ್ಯಾಂಡನ್ ಸತ್ತಿದ್ದರಿಂದ ಬಂದಿದ್ದು ಅಂತ ಜನ ತಿಳಿದುಕೊಂಡಿದ್ದಾರೆ. ಅಲ್ಲ, ಅದು ಅದಕ್ಕಿಂತ ಹಳೆಯದು. ಮೂಲ ಕಾಮಿಕ್ಸ್ ಬರೆದು ಚಿತ್ರ ಬಿಡಿಸಿದವನು ಜೇಮ್ಸ್ ಓಬಾರ್, ಡೆಟ್ರಾಯ್ಟ್‌ನವನು. ಅವನ ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ಕುಡಿದು ಗಾಡಿ ಓಡಿಸುತ್ತಿದ್ದವನೊಬ್ಬ ಕೊಂದ. ಆ ಸಂಕಟದಲ್ಲಿ ಅವನು ಸೇನೆಗೆ ಸೇರಿದ, 1981ರಲ್ಲಿ ಈ ಕಥೆ ಬಿಡಿಸುವುದಕ್ಕೆ ಶುರುಮಾಡಿದ. ಅದು ಅಚ್ಚಾಗಿದ್ದು 1989ರಲ್ಲಿ. ಸುಮ್ಮನೆ ಲೆಕ್ಕ ಹಾಕಿ. ಸಿನಿಮಾ ಶೂಟಿಂಗ್ ಶುರುವಾಗುವ ಹೊತ್ತಿಗೆ ಆ ದುಃಖಕ್ಕೆ ಹತ್ತು ವರ್ಷ ದಾಟಿತ್ತು. ಎರಿಕ್ ಒಡೆದ ಕನ್ನಡಿ ಮುಂದೆ ಕೂತು ಮುಖಕ್ಕೆ ಬಿಳಿ ಬಳಿದುಕೊಳ್ಳುವ ದೃಶ್ಯ ನಿಮ್ಮ ಎದೆ ಹಿಂಡಿದರೆ, ಹಿಂಡುತ್ತಿರುವುದು ಬರೆದವನ ಕೈ, ಪೇಪರಿನಲ್ಲಿ ಬಂದ ಸಾವಿನ ಸುದ್ದಿ ಅಲ್ಲ. ಈ ಒಂದು ವಿಷಯ ಗೊತ್ತಾದರೆ ಸಿನಿಮಾವನ್ನು ಬೇರೆ ಕಣ್ಣಲ್ಲಿ ನೋಡಬಹುದು.

ಇನ್ನು ಕಥೆ ನಡೆಯುವ ಊರು. ಡೆಟ್ರಾಯ್ಟ್‌ನಲ್ಲಿ ಹ್ಯಾಲೊವೀನ್‌ನ ಹಿಂದಿನ ರಾತ್ರಿ, ಅಕ್ಟೋಬರ್ 30ಕ್ಕೆ, ಪಾಳುಬಿದ್ದ ಮನೆಗಳಿಗೆ ಬೆಂಕಿ ಇಡುವ ಕೆಟ್ಟ ಚಾಳಿ ನಿಜವಾಗಲೂ ಇತ್ತು. ಎಂಬತ್ತರ ದಶಕದಲ್ಲಿ ಅದು ವಿಪರೀತಕ್ಕೆ ಹೋಗಿ, ಆ ಒಂದೆರಡು ರಾತ್ರಿಗಳಲ್ಲೇ ನೂರಾರು ಕಡೆ ಬೆಂಕಿ ಬೀಳುತ್ತಿತ್ತು. ಸಿನಿಮಾ ಅದನ್ನೇ ಎತ್ತಿಕೊಂಡಿದೆ. ಆದರೆ ತೆರೆ ಮೇಲೆ ಕಾಣುವ ಊರು ಯಾವ ನಿಜವಾದ ಊರೂ ಅಲ್ಲ. ಸ್ಟುಡಿಯೋ ಒಳಗೆ ಕಟ್ಟಿದ ಬೀದಿಗಳು, ಮೇಲಿಂದ ತೋರಿಸುವಾಗ ಪುಟ್ಟ ಪುಟ್ಟ ಮಾದರಿ ಕಟ್ಟಡಗಳು. ಕ್ಯಾಮೆರಾ ಕಾಗೆಯ ಬೆನ್ನಿಗೆ ಬಿದ್ದು ಆ ಕಟ್ಟಡಗಳ ಸಂದಿಯಲ್ಲಿ ನುಗ್ಗುವಾಗ ಮಾದರಿ ಅಂತ ಗೊತ್ತಾಗುತ್ತದೆ, ಗೊತ್ತಾದರೂ ಬೇಜಾರಾಗುವುದಿಲ್ಲ. ನಿರ್ದೇಶಕ ಅಲೆಕ್ಸ್ ಪ್ರೊಯಾಸ್ ಆಸ್ಟ್ರೇಲಿಯಾದಲ್ಲಿ ಮ್ಯೂಸಿಕ್ ವಿಡಿಯೋ, ಜಾಹೀರಾತು ಮಾಡಿಕೊಂಡಿದ್ದವನು. ಆ ಅಭ್ಯಾಸ ಪ್ರತಿ ಶಾಟ್‌ನಲ್ಲೂ ಕಾಣುತ್ತದೆ. ಮೂಲ ಕಾಮಿಕ್ಸ್ ಕಪ್ಪು ಬಿಳುಪು. ಸಿನಿಮಾವೂ ಹೆಚ್ಚುಕಡಿಮೆ ಹಾಗೇ ಇದೆ, ಕಪ್ಪು, ಬೂದು, ಮಳೆಯಲ್ಲಿ ಹೊಳೆಯುವ ಟಾರು, ಬೆಂಕಿಯ ಕೆಂಪು. ಬಣ್ಣ ಅಂತ ಬರುವುದು ಎರಿಕ್‌ಗೆ ಶೆಲ್ಲಿ ನೆನಪಾದಾಗ ಮಾತ್ರ. ಆ ನೆನಪುಗಳೂ ಎಷ್ಟು ಚಿಕ್ಕವು ಅಂದರೆ ನೋಡುವಷ್ಟರಲ್ಲಿ ಮಾಯ. ‘ಡಾರ್ಕ್ ಆಗಿರಬೇಕು’ ಅಂತ ಇವತ್ತು ಪ್ರತಿ ಸೂಪರ್‌ಹೀರೋ ಸಿನಿಮಾದವರೂ ಲೈಟ್ ಕಡಿಮೆ ಮಾಡಿ ಕೈತೊಳೆದುಕೊಳ್ಳುತ್ತಾರೆ, ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಇಲ್ಲಿ ಹೆಚ್ಚುಕಡಿಮೆ ಇಡೀ ಸಿನಿಮಾ ರಾತ್ರಿಯಲ್ಲೇ ನಡೆದರೂ ಎಲ್ಲವೂ ಕಾಣುತ್ತದೆ. ಛಾಯಾಗ್ರಾಹಕ ಡೇರಿಯಸ್ ವೊಲ್ಸ್ಕಿಗೆ ಇದಕ್ಕಾಗಿ ಒಂದು ಚಪ್ಪಾಳೆ.

ಬ್ರ್ಯಾಂಡನ್ ಲೀ ನಟನೆಯ ಬಗ್ಗೆ ಹೇಳುವವರೆಲ್ಲ ವಿಷಾದ, ನೋವು ಅಂತ ಶುರುಮಾಡುತ್ತಾರೆ. ನನಗೆ ಹಿಡಿಸಿದ್ದು ಅವನ ತಮಾಷೆ. ಸತ್ತು ಬಂದವನು ಇಷ್ಟು ತಮಾಷೆಯಾಗಿರುತ್ತಾನೆ ಅಂತ ಯಾರೂ ಎಣಿಸಿರುವುದಿಲ್ಲ. ಫನ್‌ಬಾಯ್ ಅನ್ನೋ ನಶೆಕೋರ ಅವನ ಅಂಗೈಗೆ ಗುಂಡು ಹೊಡೆಯುತ್ತಾನೆ. ಎರಿಕ್ ಕೈ ಎತ್ತಿ, ತೂತು ಮುಚ್ಚಿಕೊಳ್ಳುವುದನ್ನು ಅವನಿಗೇ ತೋರಿಸಿ, ಅಷ್ಟು ಹೊತ್ತಿನಲ್ಲೂ ಯೇಸು ಒಂದು ಹೋಟೆಲಿಗೆ ರೂಮು ಕೇಳಿಕೊಂಡು ಹೋದ ಜೋಕು ಹೇಳುವುದಕ್ಕೆ ಶುರುಮಾಡುತ್ತಾನೆ. ಮೈಯಲ್ಲಿ ಒಂದು ಕುಣಿತ ಇದೆ, ಮೇಜಿನ ಮೇಲೆ ಹಾರುವಾಗಲೂ, ಸುಮ್ಮನೆ ಕಿಟಕಿಯಲ್ಲಿ ಕೂತಾಗಲೂ. ಅಪ್ಪನ ಥರ ಕುಂಗ್ ಫೂ ತೋರಿಸುವ ಗೋಜಿಗೇ ಹೋಗಿಲ್ಲ. ಅದೇ ಅವನ ಜಾಣತನ.

ಇಡೀ ಸಿನಿಮಾದಲ್ಲಿ ನನಗೆ ಬಹಳ ಇಷ್ಟವಾದ ಭಾಗದಲ್ಲಿ ಹೊಡೆದಾಟವೇ ಇಲ್ಲ. ಪೊಲೀಸ್ ಆಲ್ಬ್ರೆಕ್ಟ್ ಮನೆಗೆ ಎರಿಕ್ ಬರುತ್ತಾನೆ. ಆಲ್ಬ್ರೆಕ್ಟ್ ಪಾತ್ರ ಅರ್ನಿ ಹಡ್ಸನ್‌ದು. ಕೆಲಸ ಮುಗಿಸಿ ಮನೆಯಲ್ಲಿ ಚಡ್ಡಿಯಲ್ಲಿರುವ ಒಬ್ಬ ನಡುವಯಸ್ಸಿನವನು, ಎದುರಿಗೆ ಮುಖಕ್ಕೆ ಬಿಳಿ ಬಳಿದುಕೊಂಡ ಸತ್ತ ಮನುಷ್ಯ. ಶೆಲ್ಲಿ ಆಸ್ಪತ್ರೆಯಲ್ಲಿ ಮೂವತ್ತು ಗಂಟೆ ನರಳಿ ಸತ್ತಾಗ ಪಕ್ಕದಲ್ಲಿ ಕೂತಿದ್ದವನು ಆಲ್ಬ್ರೆಕ್ಟ್. ಎರಿಕ್ ಅವನ ತಲೆ ಮುಟ್ಟಿ ಆ ಮೂವತ್ತು ಗಂಟೆಯನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತಾನೆ. ಆಮೇಲೆ ಇಬ್ಬರೂ ಕೂತು ಸಣ್ಣಪುಟ್ಟ ಮಾತಾಡುತ್ತಾರೆ. ಶೆಲ್ಲಿಗೆ ಚಿಕ್ಕ ಚಿಕ್ಕ ವಿಷಯ ಅಂದರೆ ಎಷ್ಟು ಮುಖ್ಯ, ತನಗೆ ಆಗ ಅದೆಲ್ಲ ಏನು ಮಹಾ ಅನ್ನಿಸುತ್ತಿತ್ತು ಅಂತ ಎರಿಕ್ ಹೇಳುತ್ತಾನೆ. ಹೊರಡುವಾಗ ಆಲ್ಬ್ರೆಕ್ಟ್ ಕೇಳುತ್ತಾನೆ, ಈಗ ಮತ್ತೆ ಗಾಳಿಯಲ್ಲಿ ಮಾಯವಾಗ್ತೀಯಾ? ಇಲ್ಲ, ನಿಮ್ಮ ಮುಂಬಾಗಿಲಿಂದಲೇ ಹೋಗೋಣ ಅಂದ್ಕೊಂಡೆ, ಅನ್ನುತ್ತಾನೆ ಎರಿಕ್. ಆ ಹೊತ್ತಿನ ಅವನ ಮುಖ ನೋಡಿ. ಅಷ್ಟೆಲ್ಲ ನೋವು ಈಗಷ್ಟೇ ನುಂಗಿದ್ದಾನೆ, ಆದರೂ ಮರ್ಯಾದಸ್ಥ ನೆಂಟನ ಹಾಗೆ ಎದ್ದು ಹೊರಡುತ್ತಾನೆ. ಇದನ್ನು ಮೆಚ್ಚುವುದಕ್ಕೆ ಬ್ರ್ಯಾಂಡನ್ ಸತ್ತಿದ್ದು ಗೊತ್ತಿರಬೇಕಾಗಿಲ್ಲ. ಗೊತ್ತಿದ್ದರೆ ನಗು ಬರುವ ಕಡೆ ಕಣ್ಣೀರು ಬಂದು ದೃಶ್ಯವೇ ಹಾಳಾಗುತ್ತದೆ.

ಎರಿಕ್ ಸೂಪರ್‌ಹೀರೋನಾ ಅಂತ ಕೇಳುವವರಿದ್ದಾರೆ. ಗುಂಡು ತಾಗಲ್ಲ, ವೇಷ ಇದೆ, ಜೊತೆಗೊಂದು ಹಕ್ಕಿ ಇದೆ, ಹಾಗಾಗಿ ಹೌದು. ಆದರೆ ಇವನಿಗೆ ಊರು ಉಳಿಸುವ ಉಸಾಬರಿ ಇಲ್ಲ. ತನ್ನ ಕೆಲಸ ಮುಗಿದರೆ ಗೋರಿಗೆ ವಾಪಸ್. ಮುಂದಿನ ಭಾಗಕ್ಕೆ ಕೊಂಡಿ ಇಲ್ಲ. ನೂರು ನಿಮಿಷ ಚಿಲ್ಲರೆಯಲ್ಲಿ ಕಥೆ ಖತಂ. ಈಗಿನ ಸೂಪರ್‌ಹೀರೋ ಸಿನಿಮಾಗಳ ಹೆಸರು ಬರುವಾಗಲೂ ಏಳದೆ ಕಾದು ಕೂರುವ ನಮಗೆ ಇದು ಎಂಥಾ ಸಮಾಧಾನ!

ಹಾಗಂತ ಎಲ್ಲವೂ ಚಿನ್ನ ಅಲ್ಲ. ಶೆಲ್ಲಿಗೆ ಒಂದು ಪಾತ್ರ ಅಂತಲೇ ಇಲ್ಲ. ನಗುತ್ತಾಳೆ, ಕಿರುಚುತ್ತಾಳೆ, ಕೊನೆಗೆ ಬೆಳಕಲ್ಲಿ ಬರುತ್ತಾಳೆ. ಬಾಡಿಗೆದಾರರನ್ನು ಎಬ್ಬಿಸುವುದರ ವಿರುದ್ಧ ಸಹಿ ಸಂಗ್ರಹಿಸಿದ್ದಕ್ಕೇ ಅವಳ ಮನೆಗೆ ಗೂಂಡಾಗಳು ಬಂದಿದ್ದು. ಇಷ್ಟು ಗಟ್ಟಿ ಹುಡುಗಿ ಅನ್ನೋದು ಒಂದೆರಡು ಮಾತಲ್ಲಿ ಹೀಗೆ ಬಂದು ಹಾಗೆ ಹೋಗುತ್ತದೆ, ಅವಳನ್ನು ನಾವು ನೋಡುವುದು ಬರೀ ಬಲಿಯಾಗಿ. ಹೆಣ್ಣಿನ ಮೇಲಾದ ದೌರ್ಜನ್ಯ ಗಂಡಿನ ಸೇಡಿಗೆ ಪೆಟ್ರೋಲು. ನಮ್ಮ ಸಿನಿಮಾಗಳಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ ನಾವು, ಅಲ್ಲಿಯೂ ಅದೇ ಕಥೆ. ನಾಲ್ವರು ಗೂಂಡಾಗಳಿಗೂ ಒಬ್ಬೊಬ್ಬರಿಗೆ ಒಂದೊಂದು ಚಟ ಕೊಟ್ಟು ಬಿಟ್ಟಿದ್ದಾರೆ, ಒಬ್ಬನಿಗೆ ಚಾಕು, ಇನ್ನೊಬ್ಬನಿಗೆ ನಶೆ. ಅವರು ಸಾಯುವುದನ್ನು ನೋಡುವಾಗ ರೇಷನ್ ಚೀಟಿಯಲ್ಲಿ ಒಂದೊಂದೇ ಸಾಮಾನಿಗೆ ಗೆರೆ ಎಳೆದ ಹಾಗಾಗುತ್ತದೆ. ದೊಡ್ಡ ವಿಲನ್ ಟಾಪ್ ಡಾಲರ್‌ನನ್ನು ಉಳಿಸಿರುವುದು ಮೈಕಲ್ ವಿನ್ಕಾಟ್‌ನ ಆ ಕರ್ಕಶ ಗಂಟಲು. ಅವನ ಜೊತೆಗಿರುವ ಮೈಕಾ ಪಾತ್ರವಂತೂ ‘ಪೂರ್ವ ದೇಶದ ಮಾಟಗಾತಿ’ ಅಂತ ಹಾಲಿವುಡ್ ಹಳೇ ಪೆಟ್ಟಿಗೆಯಿಂದ ತೆಗೆದದ್ದು. ಕಾಗೆಗೆ ಪೆಟ್ಟಾದರೆ ಎರಿಕ್‌ಗೂ ಗಾಯವಾಗುತ್ತದೆ ಅನ್ನೋ ನಿಯಮ ಬರುವುದೇ ಕೊನೆಯಲ್ಲಿ, ಅದನ್ನು ಹೇಳುವವಳೂ ಇವಳೇ. ಕ್ಲೈಮ್ಯಾಕ್ಸಿಗೆ ಹೀರೋ ಸ್ವಲ್ಪ ಸೋಲಬೇಕಲ್ಲ, ಅದಕ್ಕೆ.

ಇಲ್ಲಿಯೇ ಒಂದು ತೊಡಕು ಇರುವುದು. ಮೊದಲು ಈ ನಿಯಮಗಳನ್ನೆಲ್ಲ ಹೇಳುವುದಕ್ಕೆ ‘ಸ್ಕಲ್ ಕೌಬಾಯ್’ ಅನ್ನೋ ಪಾತ್ರವೇ ಇತ್ತು. ಮೈಕಲ್ ಬೆರಿಮನ್ ಅದನ್ನು ಮಾಡಿದ್ದ. ಬ್ರ್ಯಾಂಡನ್ ಹೋದ ಮೇಲೆ ಆ ಪಾತ್ರವನ್ನು ಕಿತ್ತುಹಾಕಿದರು. ಬಾಕಿ ಉಳಿದ ಭಾಗಗಳಿಗೆ ಸ್ಟಂಟ್ ಹುಡುಗ ಚಾಡ್ ಸ್ಟಾಹೆಲ್ಸ್ಕಿಯನ್ನು ನಿಲ್ಲಿಸಿ, ಮುಖ ಮಾತ್ರ ಬ್ರ್ಯಾಂಡನ್‌ದು ಕಂಪ್ಯೂಟರಿನಲ್ಲಿ ಕೂರಿಸಿದರು. (ಹೌದು, ಮುಂದೆ ‘ಜಾನ್ ವಿಕ್’ ಮಾಡಿದವನು ಇವನೇ.) ಎರಿಕ್ ಗೋರಿಯಿಂದ ಎದ್ದು ತನ್ನ ಹಳೆ ಮನೆಯ ಬಾಗಿಲಿಗೆ ಬರುವ ಶಾಟ್‌ಗೆ, ಬೇರೆಲ್ಲೋ ಓಣಿಯ ಮಳೆಯಲ್ಲಿ ಅವನು ನಡೆದುಬಂದಿದ್ದನ್ನು ಕತ್ತರಿಸಿ ತಂದು ಅಂಟಿಸಿದ್ದಾರೆ. 1993ರಲ್ಲಿ ಇದು ಸಣ್ಣ ಕೆಲಸ ಅಲ್ಲ. ಪ್ಯಾರಮೌಂಟ್ ಕಂಪನಿ ಕೈಬಿಟ್ಟು, ಮಿರಾಮ್ಯಾಕ್ಸ್ ಇನ್ನಷ್ಟು ದುಡ್ಡು ಹಾಕಿದ್ದರಿಂದ ಮುಗಿಯಿತು. ಅಂದಮೇಲೆ ಆ ಸಾವನ್ನು ಪೂರ್ತಿ ಹೊರಗಿಟ್ಟು ಈ ಸಿನಿಮಾ ನೋಡುವುದಕ್ಕೆ ಆಗುವುದಿಲ್ಲ, ಸಂಕಲನದ ಮೇಜಿನ ಮೇಲೆ ಅದರ ಗುರುತು ಬಿದ್ದಿದೆ. ಆದರೆ ಈ ಗುರುತು ಬೇರೆ, ಮರುಕ ಬೇರೆ. ಕೌಬಾಯ್ ಹೋಗಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಲೆಕ್ಕ. ದಾರಿ ತೋರಿಸುವುದಕ್ಕೆ ಮಾತಾಡದ ಒಂದು ಹಕ್ಕಿ ಸಾಕಿತ್ತು, ಅದು ಬಹಳ ಚೆಂದವೂ ಆಯಿತು. ಕೊಲೆಯ ರಾತ್ರಿಯನ್ನು ಚೂರು ಚೂರಾಗಿ ತೋರಿಸಬೇಕಾಗಿ ಬಂದಿದ್ದೂ ಒಳ್ಳೆಯದೇ. ನೀಟಾಗಿ ತೋರಿಸಿದ್ದರೆ ಅದನ್ನು ನೋಡುವುದೇ ಕಷ್ಟವಾಗುತ್ತಿತ್ತು.

ಸಂಗೀತದ ಬಗ್ಗೆ ಜಾಸ್ತಿ ಹೇಳಲ್ಲ. ದಿ ಕ್ಯೂರ್ ಬ್ಯಾಂಡಿನವರು ಈ ಸಿನಿಮಾಕ್ಕೆಂದೇ ‘ಬರ್ನ್’ ಹಾಡು ಮಾಡಿದರು. ನೈನ್ ಇಂಚ್ ನೇಲ್ಸ್ ಬ್ಯಾಂಡಿನವರು ಜಾಯ್ ಡಿವಿಷನ್ ಅನ್ನೋ ಇನ್ನೊಂದು ಬ್ಯಾಂಡಿನ ಹಳೆ ಹಾಡೊಂದನ್ನು ಎತ್ತಿಕೊಂಡು ಹಾಡಿದರು. ಆ ಆಲ್ಬಂ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಈಗಲೂ ಕೇಳಿ, ಒಂದು ಹಾಡೂ ಬೋರಾಗಲ್ಲ.

ಸಾವಿನಿಂದಲೇ ಈ ಸಿನಿಮಾ ಗೆದ್ದಿತು ಅನ್ನುವವರಿಗೆ ನನ್ನ ಹತ್ತಿರ ಎರಡು ಉತ್ತರ ಇದೆ. ಮೊದಲನೆಯದು 2024ರಲ್ಲಿ ಬಂದ ಹೊಸ ‘ದಿ ಕ್ರೋ’. ಬಿಲ್ ಸ್ಕಾರ್ಸ್‌ಗಾರ್ಡ್ ಹೀರೋ. ನಾನು ಮೇಲೆ ಬರೆದ ತಪ್ಪನ್ನು ಅವರು ಸರಿಮಾಡಿದ್ದಾರೆ, ಶೆಲ್ಲಿಗೆ ಪೂರ್ತಿ ಪಾತ್ರ ಕೊಟ್ಟಿದ್ದಾರೆ, ಇಬ್ಬರ ಪ್ರೀತಿಯನ್ನು ನಿಧಾನಕ್ಕೆ ತೋರಿಸಿದ್ದಾರೆ. ಆದರೂ ಸಿನಿಮಾ ತೋಪು. ಆ ಊರು ಇಲ್ಲ, ಆ ಮಳೆ ಇಲ್ಲ, ಮುಂಬಾಗಿಲಿಂದ ಹೋಗ್ತೀನಿ ಅನ್ನುವ ಆ ತುಂಟತನ ಇಲ್ಲ. ಹೀರೋ ಮುಖ ಗಂಟು ಹಾಕಿಕೊಂಡೇ ಇರುತ್ತಾನೆ.

ಎರಡನೆಯದು ‘ಡಾರ್ಕ್ ಸಿಟಿ’, 1998. ಅದೇ ಪ್ರೊಯಾಸ್, ಅದೇ ವೊಲ್ಸ್ಕಿ, ಮತ್ತೆ ಸೂರ್ಯನೇ ಕಾಣದ ಒಂದು ಊರು. ರಾತ್ರಿ ಹನ್ನೆರಡಾದರೆ ಆ ಊರಿನ ಕಟ್ಟಡಗಳೇ ಜಾಗ ಬದಲಾಯಿಸುತ್ತವೆ. ಸೆಟ್‌ನಲ್ಲಿ ಯಾರೂ ಸಾಯಲಿಲ್ಲ, ಹಾಗಾಗಿ ಪೇಪರಿನವರಿಗೂ ಆಸಕ್ತಿ ಇರಲಿಲ್ಲ, ದುಡ್ಡೂ ಬರಲಿಲ್ಲ. ವಿಮರ್ಶಕ ರೋಜರ್ ಈಬರ್ಟ್ ಮಾತ್ರ ಅದನ್ನು ಆ ವರ್ಷದ ಅತ್ಯುತ್ತಮ ಸಿನಿಮಾ ಅಂತ ಆರಿಸಿದ. ಕಥೆ ‘ದಿ ಕ್ರೋ’ಗಿಂತ ಎಷ್ಟೋ ಪಾಲು ಮೇಲು. ಬ್ರ್ಯಾಂಡನ್‌ನಂಥ ಒಬ್ಬ ನಟ ಇಲ್ಲದ ಕೊರತೆ ಇದೆ, ಅದು ಅಲ್ಲಲ್ಲಿ ಗೊತ್ತಾಗುತ್ತದೆ. ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿ, ಮೊದಲು ‘ಡಾರ್ಕ್ ಸಿಟಿ’ ಹಾಕಿ. ಜೊತೆಗೆ ನೋಡುವವರಿಗೆ ಶೂಟಿಂಗ್ ಸುದ್ದಿ ಗೊತ್ತಿಲ್ಲ ಅಂದರೆ, ಎರಡನೇ ಸಿನಿಮಾ ಮುಗಿಯುವ ತನಕ ಹೇಳಬೇಡಿ.